ಕೊಳ್ಳೆ ಹೋದ ಮೇಲೆ ಹಾಕಿದ ಬಾಗಿಲುಗಳು: ಮನೆ ಕಂಪ್ಯೂಟರಿನ ಕಾವಲಿನ ಕಥೆ

1997ರ ಆರಂಭದಲ್ಲಿ ಅಮೆರಿಕ ಮತ್ತು ಕೆನಡಾದ ಎಷ್ಟೋ ಮನೆಗಳಿಗೆ ಬಂದ ಫೋನ್ ಬಿಲ್ಲಿನಲ್ಲಿ ಮಾಲ್ಡೋವಾ ಎಂಬ ಹೆಸರಿತ್ತು. ಪೂರ್ವ ಯುರೋಪಿನ ಆ ಪುಟ್ಟ ದೇಶ ಭೂಪಟದಲ್ಲಿ ಎಲ್ಲಿದೆ ಎಂದೂ ಗೊತ್ತಿಲ್ಲದವರಿಗೆ, ಅಲ್ಲಿಗೆ ಗಂಟೆಗಟ್ಟಲೆ ಕರೆ ಮಾಡಿದ್ದೀರಿ, ನಿಮಿಷಕ್ಕೆ ಎರಡು ಡಾಲರಿಗೂ ಹೆಚ್ಚಿನ ದರದಲ್ಲಿ ದುಡ್ಡು ಕಟ್ಟಿ ಎಂದು ಬಿಲ್ಲು ಹೇಳುತ್ತಿತ್ತು. ಮನೆಯವರು ಯಾರೂ ಫೋನ್ ಮುಟ್ಟಿರಲಿಲ್ಲ. ಮುಟ್ಟಿದ್ದು ಕಂಪ್ಯೂಟರನ್ನು.

ನಡೆದದ್ದು ಇಷ್ಟು. ಪುಕ್ಕಟೆ ಚಿತ್ರ ತೋರಿಸುವ ಕೆಲವು ಪೋಲಿ ವೆಬ್‌ಸೈಟುಗಳು, ಚಿತ್ರ ನೋಡಬೇಕಾದರೆ ಒಂದು ಚಿಕ್ಕ ತಂತ್ರಾಂಶ ಇಳಿಸಿಕೊಳ್ಳಿ ಎನ್ನುತ್ತಿದ್ದವು. ಇಳಿಸಿಕೊಂಡೊಡನೆ ಆ ತಂತ್ರಾಂಶ, ಫೋನ್ ತಂತಿಯ ಮೂಲಕ ಇಂಟರ್ನೆಟ್ ಜೋಡಿಸುತ್ತಿದ್ದ ಮೋಡೆಮ್ಮಿನ ಸದ್ದು ಕೇಳಿಸದಂತೆ ಅದರ ಸ್ಪೀಕರನ್ನು ಮೊದಲು ಬಂದ್ ಮಾಡುತ್ತಿತ್ತು. ಆಮೇಲೆ ಸ್ಥಳೀಯ ಇಂಟರ್ನೆಟ್ ಕರೆಯನ್ನು ಕಡಿದು, ಮಾಲ್ಡೋವಾದ ನಂಬರೊಂದಕ್ಕೆ ತಾನೇ ಡಯಲ್ ಮಾಡುತ್ತಿತ್ತು. ಆ ಸೈಟು ಬಿಟ್ಟು ಬೇರೆ ಸೈಟಿಗೆ ಹೋದರೂ ಕರೆ ಕಡಿಯುತ್ತಿರಲಿಲ್ಲ, ಕಂಪ್ಯೂಟರ್ ಆರಿಸುವವರೆಗೂ ಮೀಟರ್ ಓಡುತ್ತಲೇ ಇರುತ್ತಿತ್ತು. ಅಮೆರಿಕದ ಗ್ರಾಹಕ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಆ ವರ್ಷದ ಫೆಬ್ರುವರಿಯಲ್ಲಿ ಕೋರ್ಟಿಗೆ ಹೋಗಿ ಈ ದಂಧೆಯನ್ನು ನಿಲ್ಲಿಸಿತು. ಮನೆ ಕಂಪ್ಯೂಟರಿನ ಮೂಲಕ ಮನೆಯ ಜೇಬಿಗೆ ಕೈಹಾಕಿದ ಮೊದಮೊದಲ ವೆಬ್‌ಸೈಟುಗಳಲ್ಲಿ ಇವೂ ಸೇರುತ್ತವೆ.

ಆ ಹೊತ್ತಿಗೆ ನಮ್ಮಲ್ಲಿ ಇಂಟರ್ನೆಟ್ಟಿಗೆ ಎರಡೂ ತುಂಬಿರಲಿಲ್ಲ. ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಿತ್ತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಅಂಗಡಿಯನ್ನು ಇಂಟರ್ನೆಟ್ ಕೆಫೆಯಾಗಿಯೇ ಶುರುಮಾಡಿತು. ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಅಗ್ಗದ ಶೆಲ್ ಅಕೌಂಟಿನಲ್ಲಿ ಬರೀ ಅಕ್ಷರ, ಚಿತ್ರವೂ ಇಲ್ಲ. ಮಕ್ಕಳು ಹೊರದೇಶಕ್ಕೆ ಕರೆ ಮಾಡಿಬಿಟ್ಟಾರೆಂದು ಫೋನಿಗೆ ಎಸ್‌ಟಿಡಿ, ಐಎಸ್‌ಡಿ ಲಾಕ್ ಹಾಕಿಸಿದ್ದ ಮನೆಗಳು ತಮಗೇ ತಿಳಿಯದಂತೆ ಇಂಥ ಮೋಸದ ದಾರಿಯನ್ನೂ ಮುಚ್ಚಿಟ್ಟಿದ್ದವು.

ಮನೆ ಕಂಪ್ಯೂಟರನ್ನು ಕಾಯಲು ಇಂದು ಹೇಳುವ ಬುದ್ಧಿಮಾತುಗಳು ಬೆರಳೆಣಿಕೆಯವು: ಅಪ್‌ಡೇಟ್ ಮಾಡಿ, ಸಿಕ್ಕಿದ್ದನ್ನೆಲ್ಲ ಇಳಿಸಬೇಡಿ, ಜಾಹೀರಾತು ತಡೆಯಿರಿ, ಬೇಡದ್ದನ್ನು ತೆಗೆಯಿರಿ, ವಿಳಾಸ ನೋಡಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಂತೆ, ಈ ಒಂದೊಂದು ಮಾತೂ ಒಂದೊಂದು ಕೊಳ್ಳೆಯ ನಂತರ ಹುಟ್ಟಿದ್ದು. ಯಾವ ಬಾಗಿಲು ಯಾವಾಗ, ಯಾಕೆ ಬಂತು ಎಂದು ತಿಳಿದರೆ, ಯಾವುದು ಇಂದಿಗೂ ಗಟ್ಟಿ, ಯಾವುದರ ಹಲಗೆ ಲಡ್ಡಾಗಿದೆ ಎಂಬುದೂ ತಿಳಿಯುತ್ತದೆ.

ಓದುವ ಪುಟಕ್ಕೆ ಕೈಕಾಲು ಬಂದಾಗ

ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಕೂತು ಯೋಚಿಸಿದ ವೆಬ್ ಬರೀ ಓದುವ ಪುಟಗಳ ಲೋಕ. ಓದುವ ಪುಟ ಯಾರಿಗೆ ಏನು ಮಾಡೀತು? 1995ರ ಮೇ ತಿಂಗಳಿನಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪ ಬರೆದರು. ಅಲ್ಲಿಂದ ಪುಟವೂ ಒಂದು ಪ್ರೋಗ್ರಾಮ್ ಆಯಿತು. ಮರುವರ್ಷ ಮೈಕ್ರೋಸಾಫ್ಟ್ ಇನ್ನೂ ಮುಂದೆ ಹೋಗಿ ಆಕ್ಟಿವ್‌ಎಕ್ಸ್ ತಂದಿತು. ಪುಟದೊಂದಿಗೆ ಬಂದ ತಂತ್ರಾಂಶ ನೇರವಾಗಿ ವಿಂಡೋಸ್‌ನಲ್ಲೇ ಓಡಬಹುದಿತ್ತು, ಫೈಲು ಮುಟ್ಟಬಹುದಿತ್ತು. ನಂಬಿಕೆಗೆ ಇದ್ದದ್ದು ತಯಾರಕರ ಡಿಜಿಟಲ್ ಸಹಿ ಮತ್ತು 'ಹೌದು' ಎಂಬ ಒಂದು ಗುಂಡಿ.

ಆ ಸಹಿಯ ಬೆಲೆ ಎಷ್ಟು ಎಂಬುದನ್ನು ಅಮೆರಿಕದ ಪ್ರೋಗ್ರಾಮರ್ ಫ್ರೆಡ್ ಮೆಕ್ಲೇನ್ 1996ರಲ್ಲೇ ತೋರಿಸಿಕೊಟ್ಟರು. 'ಎಕ್ಸ್‌ಪ್ಲೋಡರ್' ಎಂಬ ಅವರ ಆಕ್ಟಿವ್‌ಎಕ್ಸ್ ತುಣುಕು ಇದ್ದ ಪುಟ ತೆರೆದರೆ ವಿಂಡೋಸ್ 95 ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೆ ಅಧಿಕೃತ ಸಹಿಯೂ ಇತ್ತು! ಮರುವರ್ಷ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವರು ಟೀವಿಯಲ್ಲೇ ಇನ್ನೊಂದು ಪ್ರಾತ್ಯಕ್ಷಿಕೆ ಕೊಟ್ಟರು. ಮನೆ ಲೆಕ್ಕ ಇಡುವ ಕ್ವಿಕನ್ ತಂತ್ರಾಂಶ ಇದ್ದ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದರೆ ಸಾಕು, ಬ್ಯಾಂಕಿಗೆ ಹೋಗಬೇಕಾದ ಪಾವತಿಗಳ ಪಟ್ಟಿಗೆ ಇನ್ನೊಂದು ಪಾವತಿ ಗುಟ್ಟಾಗಿ ಸೇರಿಕೊಳ್ಳುತ್ತಿತ್ತು. ಮುಂದಿನ ಸಲ ಮನೆಯವರು ಗುಪ್ತ ಸಂಖ್ಯೆ ಹಾಕಿದಾಗ ತಮ್ಮದರ ಜೊತೆ ಅದನ್ನೂ ತಾವೇ ಕಳಿಸಿಬಿಡುತ್ತಿದ್ದರು. ಗೊತ್ತಿಲ್ಲದ ಪುಟ ಕೇಳಿದ್ದಕ್ಕೆಲ್ಲ 'ಹೌದು' ಒತ್ತಬೇಡಿ ಎಂಬ ಮಾತು ಹುಟ್ಟಿದ್ದು ಇಂಥ ಪ್ರಯೋಗಗಳಿಂದ.

ಎರಡನೇ ಮಂಗಳವಾರದ ವ್ರತ

2001ರ ಸೆಪ್ಟೆಂಬರ್ 18. ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದು ವಾರವಾಗಿತ್ತಷ್ಟೇ. ಅಂದು 'ನಿಮ್ಡಾ' ಎಂಬ ಕುತಂತ್ರಾಂಶ ಜಗತ್ತಿಡೀ ಹರಡಿತು. ಇಮೇಲಿನಲ್ಲಿ ಬರುವ ವೈರಸ್ಸು ಜನರಿಗೆ ಪರಿಚಯವಿತ್ತು. ನಿಮ್ಡಾ ಅದರ ಜೊತೆಗೆ ವೆಬ್ ಸರ್ವರುಗಳಿಗೂ ನುಗ್ಗಿ, ಅಲ್ಲಿನ ಪುಟಗಳ ಕೊನೆಗೆ ಜಾವಾಸ್ಕ್ರಿಪ್ಟಿನ ಒಂದು ಸಾಲು ಅಂಟಿಸಿತು. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಆ ಪುಟ ನೋಡಿದವರಿಗೆ, ಏನೂ ಕ್ಲಿಕ್ಕಿಸದಿದ್ದರೂ, ಸೋಂಕು ತಗುಲುತ್ತಿತ್ತು.

ಇದರಲ್ಲಿ ಕೈ ಹಿಸುಕಿಕೊಳ್ಳುವಂಥ ಸಂಗತಿ ಒಂದಿದೆ. ನಿಮ್ಡಾ ಬಳಸಿಕೊಂಡ ಬ್ರೌಸರ್ ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ ತಿಂಗಳಲ್ಲೇ ತೇಪೆ ಬಿಡುಗಡೆ ಮಾಡಿತ್ತು. ಆರು ತಿಂಗಳಾದರೂ ಲಕ್ಷಾಂತರ ಮಂದಿ ಅದನ್ನು ಹಾಕಿಕೊಂಡಿರಲಿಲ್ಲ. ಹಾಕಿಕೊಳ್ಳಬೇಕೆಂದು ಮನೆಯಲ್ಲಿ ಕೂತವರಿಗೆ ಹೇಳಿದವರಾದರೂ ಯಾರು?

2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ನೌಕರರಿಗೆಲ್ಲ ಪತ್ರ ಬರೆದು, ಹೊಸ ಸೌಲಭ್ಯಕ್ಕಿಂತ ಸುರಕ್ಷತೆ ಮುಖ್ಯ ಎಂದರು. 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ತೇಪೆಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂತು. ಭಾರತದಲ್ಲಿ ಆಗ ಮಂಗಳವಾರ ರಾತ್ರಿಯಾಗಿರುತ್ತದೆ. 2004ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 2, ಫೈರ್‌ವಾಲನ್ನು ಯಾರೂ ಕೇಳದೆಯೇ ಚಾಲೂ ಮಾಡಿತು, ಅಪ್‌ಡೇಟುಗಳು ತಾವಾಗಿ ಬರುವಂತೆ ಮಾಡಿಕೊಳ್ಳಿ ಎಂದು ಒತ್ತಾಯಿಸಿತು, ಬ್ರೌಸರಿಗೆ ಪಾಪ್‌ಅಪ್ ತಡೆಯನ್ನೂ ಸೇರಿಸಿತು. ಮನೆ ಕಂಪ್ಯೂಟರಿನ ಕಾವಲಿನ ಚರಿತ್ರೆಯಲ್ಲಿ ಒಂದೇ ಒಂದು ದೊಡ್ಡ ತಿರುವನ್ನು ಹೆಸರಿಸಿ ಎಂದರೆ ಬಹುಮಂದಿ ತಜ್ಞರು ಇದನ್ನೇ ಹೇಳಿಯಾರು.

ನಮ್ಮಲ್ಲಿ ಆ ತಿರುವು ಬೇಗ ಬರಲಿಲ್ಲ. ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟ 'ಅಸೆಂಬಲ್ಡ್' ಕಂಪ್ಯೂಟರುಗಳ ಕಾಲ ಅದು. ಅವುಗಳಲ್ಲಿ ಬಹಳಷ್ಟಕ್ಕೆ ಹಾಕಿದ್ದು ನಕಲಿ ವಿಂಡೋಸ್. 2005ರಲ್ಲಿ ಮೈಕ್ರೋಸಾಫ್ಟ್ ಅಸಲಿ-ನಕಲಿ ಪರೀಕ್ಷೆ ಶುರುಮಾಡಿದ ಮೇಲೆ, ಅಪ್‌ಡೇಟ್ ಬಂದರೆ 'ಈ ಪ್ರತಿ ಅಸಲಿಯಲ್ಲ' ಎಂಬ ಸೂಚನೆ ಪರದೆಯ ಮೇಲೆ ಕೂರುತ್ತದೆಂಬ ಅಂಜಿಕೆ ಹಬ್ಬಿತು. ರಿಪೇರಿ ಹುಡುಗರು ಮಾಡುತ್ತಿದ್ದ ಮೊದಲ ಕೆಲಸವೇ ಅಪ್‌ಡೇಟ್ ಆಫ್ ಮಾಡುವುದು. ಸುರಕ್ಷತೆಯ ತೇಪೆಗಳು ನಕಲಿ ಪ್ರತಿಗಳಿಗೂ ತಾವಾಗಿ ಸಿಗುತ್ತವೆ ಎಂದು ಕಂಪನಿ ಹೇಳಿದ್ದನ್ನು ಕೇಳಿಸಿಕೊಂಡವರು ಕಡಿಮೆ. 'ಅಪ್‌ಡೇಟ್ ಹಾಕಿದರೆ ಸಿಸ್ಟಮ್ ಸ್ಲೋ ಆಗುತ್ತೆ ಸಾರ್' ಎಂಬ ಮಾತು ಈಗಲೂ ಕಿವಿಗೆ ಬೀಳುವುದಿದೆ.

ಕ್ಷಮೆ ಕೇಳಿದ ಕಿಟಕಿ

ಪಾಪ್‌ಅಪ್ಪಿಗೂ ಒಂದು ಹುಟ್ಟಿನ ಕಥೆ ಇದೆ. 1990ರ ದಶಕದ ಕೊನೆಯಲ್ಲಿ ಈಥನ್ ಝಕರ್‌ಮನ್ ಎಂಬವರು ಟ್ರೈಪಾಡ್ ಎಂಬ ವೆಬ್ ಕಂಪನಿಯಲ್ಲಿದ್ದರು. ತನ್ನ ಜಾಹೀರಾತು ಅಶ್ಲೀಲ ಪುಟವೊಂದರ ಮೇಲೆ ಕಾಣಿಸಿಕೊಂಡಿತೆಂದು ಕಾರು ಕಂಪನಿಯೊಂದು ಗಲಾಟೆ ಮಾಡಿತು. ಜಾಹೀರಾತಿಗೂ ಪುಟಕ್ಕೂ ನಂಟು ಕಾಣಬಾರದೆಂದು ಝಕರ್‌ಮನ್ ಜಾಹೀರಾತನ್ನು ಬೇರೆಯೇ ಕಿಟಕಿಯಲ್ಲಿ ತೆರೆಯುವ ಕೋಡ್ ಬರೆದರು. ಅದನ್ನು ಜಗತ್ತೇ ನಕಲು ಮಾಡಿತು. ಒಂದು ಕಿಟಕಿ ಮುಚ್ಚಿದರೆ ಮೂರು ತೆರೆದುಕೊಳ್ಳುವ ಕಾಲವನ್ನು ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತವರು ಮರೆತಿರಲಾರರು. 2014ರಲ್ಲಿ ಝಕರ್‌ಮನ್ ಒಂದು ಲೇಖನದಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.

2004ರ ಜೂನಿನಲ್ಲಿ ಇನ್ನೊಂದು ದಾಳಿ ನಡೆಯಿತು. 'ಡೌನ್‌ಲೋಡ್.ಜೆಕ್ಟ್' ಎಂದು ಕರೆಸಿಕೊಂಡ ಅದು ಮರ್ಯಾದಸ್ಥ ಸೈಟುಗಳ ಸರ್ವರುಗಳಿಗೆ ನುಗ್ಗಿ, ಅಲ್ಲಿಗೆ ಬಂದವರ ಕಂಪ್ಯೂಟರಿಗೆ ಕೀಲಿ ಒತ್ತಿದ್ದನ್ನೆಲ್ಲ ಕದಿಯುವ ತಂತ್ರಾಂಶ ಸೇರಿಸಿತು. ಆಗ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಬಳಸುತ್ತಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್. ಅಮೆರಿಕ ಸರ್ಕಾರದ ಕಂಪ್ಯೂಟರ್ ತುರ್ತು ತಂಡ ಪರಿಹಾರಗಳ ಪಟ್ಟಿಯಲ್ಲಿ, ಬೇರೆ ಬ್ರೌಸರ್ ಬಳಸಿ ಎಂಬ ಸಾಲನ್ನೂ ಸೇರಿಸಿತು. ಸರ್ಕಾರಿ ತಂಡವೊಂದರಿಂದ ಇಂಥ ಮಾತು ಬಂದದ್ದು ಸುದ್ದಿಯಾಯಿತು. ಅದೇ ವರ್ಷದ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಹೊರಬಂತು. ಡಿಸೆಂಬರಿನಲ್ಲಿ ಅದರ ಅಭಿಮಾನಿಗಳು ತಾವೇ ಚಂದಾ ಎತ್ತಿ, ಸಾವಿರಾರು ದಾನಿಗಳ ಹೆಸರು ಅಚ್ಚಿಸಿ, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಎರಡು ಪುಟದ ಜಾಹೀರಾತು ಕೊಟ್ಟರು. ನಾಲ್ಕು ವರ್ಷದ ನಂತರ ಬಂದ ಕ್ರೋಮ್ ಎರಡು ಹೊಸ ಅಭ್ಯಾಸ ತಂದಿತು: ಪುಟವನ್ನು ಕಂಪ್ಯೂಟರಿನ ಉಳಿದ ಭಾಗದಿಂದ ಬೇಲಿ ಹಾಕಿ ದೂರವಿಡುವುದು, ಕೇಳದೆಯೇ ತನ್ನನ್ನು ತಾನು ನವೀಕರಿಸಿಕೊಳ್ಳುವುದು.

ಒಳ್ಳೆಯ ಸೈಟಿನ ಕೆಟ್ಟ ದಿನ

'ಪೋಲಿ ಸೈಟಿಗೆ ಹೋಗಬೇಡಿ, ವೈರಸ್ ಬರಲ್ಲ' ಎಂಬ ಮಾತು ಹಿರಿಯರ ಬಾಯಲ್ಲಿ ಬಹಳ ದಿನ ಓಡಾಡಿತು. 2007 ಅದನ್ನು ಪೂರ್ತಿ ಸುಳ್ಳು ಮಾಡಿತು. ಆ ಫೆಬ್ರುವರಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಅತಿ ದೊಡ್ಡ ಪಂದ್ಯ ಸೂಪರ್ ಬೌಲ್ ನಡೆಯಬೇಕಿದ್ದ ಮಯಾಮಿಯ ಡಾಲ್ಫಿನ್ ಸ್ಟೇಡಿಯಮ್ಮಿನ ಸೈಟಿಗೆ, ಪಂದ್ಯಕ್ಕೆ ಎರಡು ದಿನ ಇರುವಾಗ, ಯಾರೋ ಒಂದು ಸಾಲು ಕೋಡ್ ಸೇರಿಸಿದ್ದು ಪತ್ತೆಯಾಯಿತು. ಟಿಕೆಟ್, ದಾರಿ, ಪಾರ್ಕಿಂಗ್ ಹುಡುಕಿ ಬಂದವರೇ ಬಲಿ. ಅದು ಬಳಸಿದ ದೋಷಗಳಿಗೂ ತೇಪೆ ಆಗಲೇ ಸಿದ್ಧವಿತ್ತು.

ಆಗಸ್ಟ್ ಕೊನೆಯಲ್ಲಿ ಸರದಿ ಬ್ಯಾಂಕ್ ಆಫ್ ಇಂಡಿಯಾದ್ದು. ಅದರ ಮುಖಪುಟದೊಳಗೆ ಖದೀಮರು ಒಂದು 'ಐಫ್ರೇಮ್' ಅಡಗಿಸಿದ್ದರು. ಐಫ್ರೇಮ್ ಎಂದರೆ ಪುಟದೊಳಗೆ ಇನ್ನೊಂದು ಪುಟವನ್ನು ತೋರಿಸುವ ಚೌಕಟ್ಟು. ಯೂಟ್ಯೂಬ್ ವಿಡಿಯೊ, ಗೂಗಲ್ ನಕಾಶೆಗಳನ್ನು ಬೇರೆ ಸೈಟುಗಳು ತೋರಿಸುವುದು ಇದರಿಂದಲೇ. ಅದರ ಅಗಲ ಸೊನ್ನೆ, ಎತ್ತರ ಸೊನ್ನೆ ಎಂದು ಬರೆದುಬಿಟ್ಟರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಒಳಗಿನ ಪುಟ ಲೋಡ್ ಆಗುತ್ತದೆ, ಅದರ ಕೋಡ್ ಓಡುತ್ತದೆ. ಗ್ರಾಹಕರು ನೋಡುತ್ತಿದ್ದದ್ದು ತಮ್ಮದೇ ಬ್ಯಾಂಕಿನ ಅಸಲಿ ಪುಟ. ಅದರ ಹಿಂದಿನಿಂದ ಕದಿಯುವ ತಂತ್ರಾಂಶಗಳ ಒಂದು ಗುಂಪೇ ಇಳಿಯುತ್ತಿತ್ತು.

ಅದೇ ವರ್ಷ ನೀಲ್ಸ್ ಪ್ರೊವೊಸ್ ಮತ್ತು ಅವರ ಗೂಗಲ್ ಸಹೋದ್ಯೋಗಿಗಳು ಶಂಕಾಸ್ಪದವೆನಿಸಿದ 45 ಲಕ್ಷ ವಿಳಾಸಗಳನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಅವುಗಳಲ್ಲಿ 4.5 ಲಕ್ಷ ವಿಳಾಸಗಳು, ನೋಡಿದ ಮಾತ್ರಕ್ಕೇ ಕುತಂತ್ರಾಂಶ ಇಳಿಸುವಂಥವು. ಈ ಬಗೆಯ ಹುಡುಕಾಟದ ಫಲವೇ ಗೂಗಲ್‌ನ 'ಸೇಫ್ ಬ್ರೌಸಿಂಗ್' ಪಟ್ಟಿ. ಕೆಂಪು ಪರದೆ ಬಂದು 'ಈ ಸೈಟು ಅಪಾಯಕಾರಿ' ಎನ್ನುತ್ತದಲ್ಲ, ಅದರ ಹಿಂದಿರುವುದು ಇದು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರೂ ಇದನ್ನು ಬಳಸಿಕೊಂಡವು. ಕೆಟ್ಟ ವಿಳಾಸಗಳ ಗಣಿತದ ಗುರುತುಗಳ ತುಂಡುಗಳನ್ನು ಬ್ರೌಸರ್ ತನ್ನ ಬಳಿಯೇ ಇಟ್ಟುಕೊಂಡು ತಾಳೆ ನೋಡುತ್ತದೆ. ತಾಳೆಯಾದರೆ ಮಾತ್ರ ಪೂರ್ತಿ ವಿವರವನ್ನು ಸರ್ವರಿನಿಂದ ಕೇಳುತ್ತದೆ. ಮೂಲ ವಿನ್ಯಾಸ ಹೀಗಿದ್ದದ್ದರಿಂದ ಬಳಸುವವರು ನೋಡಿದ ಪ್ರತಿ ಪುಟವೂ ಗೂಗಲ್‌ಗೆ ವರದಿಯಾಗುವ ಅಗತ್ಯ ಬೀಳಲಿಲ್ಲ.

ಕಾವಲುಗಾರನೂ ಎಡವಿದ ದಿನವೊಂದಿದೆ. 2009ರ ಜನವರಿ 31, ಶನಿವಾರ, ಭಾರತದಲ್ಲಿ ರಾತ್ರಿ ಎಂಟರ ಸುಮಾರು. ಗೂಗಲ್‌ನಲ್ಲಿ ಏನು ಹುಡುಕಿದರೂ ಪ್ರತಿ ಫಲಿತಾಂಶದ ಕೆಳಗೆ 'ಈ ಸೈಟು ನಿಮ್ಮ ಕಂಪ್ಯೂಟರಿಗೆ ಹಾನಿ ಮಾಡಬಹುದು' ಎಂಬ ಎಚ್ಚರಿಕೆ! ಕೆಟ್ಟ ಸೈಟುಗಳ ಪಟ್ಟಿ ಪರಿಷ್ಕರಿಸುವಾಗ ಒಂದು ಸಾಲಿನಲ್ಲಿ ಬರೀ ಓರೆಗೆರೆ ಸೇರಿಹೋಗಿತ್ತು. ಓರೆಗೆರೆ ಇಲ್ಲದ ವೆಬ್ ವಿಳಾಸವೇ ಇಲ್ಲವಾದ್ದರಿಂದ ಇಡೀ ಇಂಟರ್ನೆಟ್ ಕಪ್ಪುಪಟ್ಟಿಗೆ ಹೋಯಿತು. ಸರಿಪಡಿಸುವ ಹೊತ್ತಿಗೆ ಮುಕ್ಕಾಲು ಗಂಟೆಯ ಆಸುಪಾಸು ಕಳೆದಿತ್ತು.

ಜಾಹೀರಾತಿನ ಬೆನ್ನೇರಿ

2009ರ ಸೆಪ್ಟೆಂಬರಿನ ಒಂದು ವಾರಾಂತ್ಯ ನ್ಯೂಯಾರ್ಕ್ ಟೈಮ್ಸ್ ಸೈಟು ತೆರೆದ ಕೆಲವರಿಗೆ ಪತ್ರಿಕೆಯ ಬದಲು, 'ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ' ಎಂಬ ಪರದೆ ಕಾಣಿಸಿತು. ಇಂಟರ್ನೆಟ್ ಫೋನ್ ಕಂಪನಿ ವೊನೇಜ್ ಹೆಸರಿನಲ್ಲಿ ಜಾಹೀರಾತಿನ ಜಾಗ ಕೊಂಡಿದ್ದ ವಂಚಕರು, ವಾರಾಂತ್ಯ ಬಂದೊಡನೆ ಅದೇ ಜಾಗದಲ್ಲಿ ನಕಲಿ ಆಂಟಿವೈರಸ್ಸಿನ ಬಲೆ ಹಾಕಿದ್ದರು. ಹೆದರಿದವರು ದುಡ್ಡು ಕೊಟ್ಟು ಕೊಳ್ಳುತ್ತಿದ್ದದ್ದು ಔಷಧಿಯ ಹೆಸರಿನ ರೋಗವನ್ನು. ಪತ್ರಿಕೆಯ ಸರ್ವರಿಗೆ ಯಾರೂ ನುಗ್ಗಿರಲಿಲ್ಲ, ಬಾಡಿಗೆಗೆ ಕೊಟ್ಟ ಜಾಗವೇ ಸಾಕಾಗಿತ್ತು.

ನಕಲಿ ಆಂಟಿವೈರಸ್ಸಿಗೆ ಮಾರುಕಟ್ಟೆ ಸಿಗಲು ಅಸಲಿಯೂ ಬಹುಮಟ್ಟಿಗೆ ದುಡ್ಡಿನದೇ ಆಗಿದ್ದದ್ದು ಒಂದು ಕಾರಣ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಡಬ್ಬಿಗಳು ನಮ್ಮ ಕಂಪ್ಯೂಟರ್ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದ ಕಾಲ. 2009ರಲ್ಲಿ ಮೈಕ್ರೋಸಾಫ್ಟ್ ಪುಕ್ಕಟೆ ಆಂಟಿವೈರಸ್ ಕೊಟ್ಟಿತು. 2012ರ ವಿಂಡೋಸ್ 8ರಿಂದ ಅದು ಡಿಫೆಂಡರ್ ಎಂಬ ಹೆಸರಿನಲ್ಲಿ ವಿಂಡೋಸ್ ಜೊತೆಗೇ ಬರತೊಡಗಿತು.

ಜಾಹೀರಾತು ತಡೆಯುವ ಸಾಧನ ಮಾತ್ರ ದೊಡ್ಡ ಕಂಪನಿಗಳಿಂದ ಬಂದದ್ದಲ್ಲ. 2002ರಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿ ಹೆನ್ರಿಕ್ ಆಸ್ಟೆಡ್ ಸೋರೆನ್ಸನ್ ಪರೀಕ್ಷೆಗೆ ಓದುವುದನ್ನು ಬಿಟ್ಟು ಬರೆದ ಪುಟ್ಟ ತಂತ್ರಾಂಶ ಆಡ್‌ಬ್ಲಾಕ್. ಅದರ ಹಾದಿಯಲ್ಲೇ 2006ರಲ್ಲಿ ವ್ಲಾದಿಮಿರ್ ಪಲಾಂಟ್ ಅವರ ಆಡ್‌ಬ್ಲಾಕ್ ಪ್ಲಸ್, 2014ರಲ್ಲಿ ರೇಮಂಡ್ ಹಿಲ್ ಅವರ ಯುಬ್ಲಾಕ್ ಬಂದವು. ಪುಟದ ಕಿರಿಕಿರಿ ತಪ್ಪಿಸಲು ಹುಟ್ಟಿದ್ದು ಕಾವಲಿನ ಕೆಲಸಕ್ಕೂ ಒದಗಿತು. ಗೂಗಲ್‌ನಂಥ ಹುಡುಕುತಾಣಗಳಲ್ಲಿ ಅಸಲಿ ಕಂಪನಿಯ ಹೆಸರಿನಲ್ಲೇ ಜಾಹೀರಾತು ಹಾಕಿ ನಕಲಿ ತಂತ್ರಾಂಶ ಇಳಿಸುವ ದಂಧೆ ಬೆಳೆದಾಗ, ಜಾಹೀರಾತು ತಡೆಯುವ ತಂತ್ರಾಂಶ ಬಳಸಿ ಎಂದು 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಸಾರ್ವಜನಿಕರಿಗೆ ಸಲಹೆ ಕೊಟ್ಟಿತು. ಈಚೆಗೆ ಕ್ರೋಮ್ ತನ್ನ ನಿಯಮ ಬದಲಿಸಿದ್ದರಿಂದ ಅಲ್ಲಿ ಯುಬ್ಲಾಕ್‌ನ 'ಲೈಟ್' ಆವೃತ್ತಿಯಷ್ಟೇ ಉಳಿದಿದೆ. ಫೈರ್‌ಫಾಕ್ಸಿನಲ್ಲಿ ಪೂರ್ಣ ಆವೃತ್ತಿ ಓಡುತ್ತದೆ.

ವಿಳಾಸದ ಪುಸ್ತಕ

ವಿಂಡೋಸ್‌ನ ಒಳಗಿನ ಒಂದು ಫೋಲ್ಡರಿನಲ್ಲಿ 'ಹೋಸ್ಟ್ಸ್' ಎಂಬ ಪುಟ್ಟ ಪಠ್ಯ ಕಡತ ಇಂದಿಗೂ ಕೂತಿದೆ. ಅದರ ವಂಶ ವೆಬ್‌ಗಿಂತ ಹಳೆಯದು. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲಿ ಯಾವ ಕಂಪ್ಯೂಟರಿನ ಹೆಸರಿಗೆ ಯಾವ ಸಂಖ್ಯೆ ಎಂಬ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಝಬೆತ್ ಫೀನ್ಲರ್ ಅವರ ತಂಡ ಇಟ್ಟುಕೊಂಡಿತ್ತು. ಹೊಸ ಕಂಪ್ಯೂಟರ್ ಸೇರಿಸಬೇಕಾದವರು ಆ ಕಚೇರಿಗೇ ತಿಳಿಸಬೇಕು. ಪಟ್ಟಿ ಬೆಳೆದು ಕೈಮೀರಿದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆ ರೂಪಿಸಿದರು. ಹೆಸರು ಕೊಟ್ಟರೆ ಸಂಖ್ಯೆ ಹೇಳುವ ಕೆಲಸ ಜಗತ್ತಿನ ಸಾವಿರಾರು ಸರ್ವರುಗಳಿಗೆ ಹಂಚಿಹೋಯಿತು. ಆದರೂ ಕಂಪ್ಯೂಟರ್ ಹೊರಗೆ ಕೇಳುವ ಮೊದಲು ತನ್ನ ಹೋಸ್ಟ್ಸ್ ಕಡತ ನೋಡುವ ಪದ್ಧತಿ ಉಳಿಯಿತು.

ಈ ಹಳೆಯ ಪದ್ಧತಿಯನ್ನು ಮನೆಬಳಕೆಯ ಜಾಣರು ಉಪಾಯವಾಗಿ ಬಳಸಿದರು. 127.0.0.1 ಎಂಬ ಸಂಖ್ಯೆಯ ಅರ್ಥ 'ಇದೇ ಕಂಪ್ಯೂಟರ್'. ನೋಟ್‌ಪ್ಯಾಡಿನಲ್ಲಿ ಆ ಕಡತ ತೆರೆದು, ಸಂಖ್ಯೆಯ ಮುಂದೆ ಒಂದು ಕೆಟ್ಟ ಸೈಟಿನ ಹೆಸರು ಬರೆದು ಉಳಿಸಿದರೆ ಆಯಿತು. ಆ ಸೈಟು ಎಲ್ಲಿದೆ ಎಂದು ಬ್ರೌಸರ್ ಕೇಳಿದಾಗ 'ಇಲ್ಲೇ ಇದೆ' ಎಂಬ ಉತ್ತರ ಬರುತ್ತದೆ, ಇಲ್ಲಿ ಏನೂ ಇರುವುದಿಲ್ಲ, ಪುಟ ತೆರೆಯುವುದಿಲ್ಲ. ಸಾವಿರಾರು ಸಾಲುಗಳ ಸಿದ್ಧ ಪಟ್ಟಿಗಳು ಪುಕ್ಕಟೆ ಸಿಗತೊಡಗಿದವು. ಕಳ್ಳರೂ ಇದೇ ವಿದ್ಯೆ ಕಲಿತರು. 2004ರ ಜನವರಿಯಲ್ಲಿ ಹರಡಿದ ಮೈಡೂಮ್-ಬಿ ಎಂಬ ಹುಳು ಹೋಸ್ಟ್ಸ್ ಕಡತದಲ್ಲಿ ಆಂಟಿವೈರಸ್ ಕಂಪನಿಗಳ ಹೆಸರುಗಳನ್ನೇ ತುಂಬಿ, ಸೋಂಕಿತರಿಗೆ ಮದ್ದು ಸಿಗದ ಹಾಗೆ ಮಾಡಿತು.

ಇನ್ನೂ ಚಾಲಾಕಿಗಳು ಡಿಎನ್‌ಎಸ್ಸಿಗೇ ಕೈಹಾಕಿದರು. 2011ರ ನವೆಂಬರಿನಲ್ಲಿ ಎಫ್‌ಬಿಐ ಬಯಲಿಗೆಳೆದ ಡಿಎನ್‌ಎಸ್ ಚೇಂಜರ್ ಪ್ರಕರಣದಲ್ಲಿ ಎಸ್ಟೋನಿಯಾದ ಆರು ಮಂದಿ ಬಂಧಿತರಾದರು. ನೂರು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳು ವಿಳಾಸ ಕೇಳುತ್ತಿದ್ದದ್ದು ಇವರ ಸರ್ವರುಗಳನ್ನು! ಅವುಗಳನ್ನು ಒಮ್ಮೆಗೇ ಆರಿಸಿದರೆ ಅಷ್ಟೂ ಮನೆಗಳ ಇಂಟರ್ನೆಟ್ ನಿಂತುಹೋಗುತ್ತದೆಂದು, ಕೋರ್ಟಿನ ಅನುಮತಿಯಿಂದ ಬದಲಿ ಸರ್ವರುಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು.

ಕಂಪ್ಯೂಟರ್ ಗಟ್ಟಿಯಾದಾಗ ಖದೀಮರ ಕಣ್ಣು ಮೂಲೆಯಲ್ಲಿ ಮಿನುಗುವ ಮೋಡೆಮ್ಮಿನ ಮೇಲೆ ಬಿತ್ತು. 2011ರಲ್ಲಿ ಬ್ರೆಜಿಲ್ಲಿನಲ್ಲಿ 45 ಲಕ್ಷ ಮೋಡೆಮ್ಮುಗಳ ಡಿಎನ್‌ಎಸ್ ತಿರುಚಲಾಗಿತ್ತೆಂದು ಕ್ಯಾಸ್ಪರ್‌ಸ್ಕಿ ಸಂಸ್ಥೆ ವರದಿ ಮಾಡಿತು. 2017ರ ಜುಲೈ ಕೊನೆಯಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಗ್ರಾಹಕರಿಗೇ ಬಿಸಿ ತಟ್ಟಿತು. ಸಾವಿರಾರು ಮೋಡೆಮ್ಮುಗಳು ಒಮ್ಮೆಗೇ ಕೆಲಸ ನಿಲ್ಲಿಸಿದವು. ಕಂಪನಿಯಿಂದ ಬಂದಾಗ ಇದ್ದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್ಮುಗಳೇ ಕುತಂತ್ರಾಂಶಕ್ಕೆ ತುತ್ತಾಗಿದ್ದವು. ಪಾಸ್‌ವರ್ಡ್ ಬದಲಿಸಿ ಎಂದು ನಿಗಮ ಗ್ರಾಹಕರನ್ನು ಕೇಳಿಕೊಂಡಿತು.

ಹೋಸ್ಟ್ಸ್ ಕಡತದ ಕೆಲಸವನ್ನು ಈಗ ಸೋಸುವ ಡಿಎನ್‌ಎಸ್ ಸೇವೆಗಳು ಮಾಡುತ್ತವೆ. 2017ರ ನವೆಂಬರಿನಲ್ಲಿ ಶುರುವಾದ ಕ್ವಾಡ್9 ಸೇವೆಯ ಸಂಖ್ಯೆ 9.9.9.9, ಕ್ಲೌಡ್‌ಫ್ಲೇರ್ 2020ರಲ್ಲಿ ತಂದ ಸೇವೆಯದು 1.1.1.2. ಕೆಟ್ಟದ್ದೆಂದು ಗೊತ್ತಿರುವ ಸೈಟಿನ ವಿಳಾಸ ಕೇಳಿದರೆ ಇವು ಅದರ ಸಂಖ್ಯೆಯನ್ನೇ ಕೊಡುವುದಿಲ್ಲ. ರೌಟರಿನಲ್ಲಿ ಒಮ್ಮೆ ಬರೆದಿಟ್ಟರೆ ಮನೆಯ ಕಂಪ್ಯೂಟರ್, ಟೀವಿ, ಮೊಬೈಲಿಗೆಲ್ಲ ಅನ್ವಯ.

ಕಣ್ಮರೆಯಾದ ಬೀಗ

ಒಂದು ಕಾಲಕ್ಕೆ ಬಹುತೇಕ ಎಲ್ಲ ಕಂಪ್ಯೂಟರಿನಲ್ಲೂ ಬ್ರೌಸರಿಗೆ ಅಂಟಿಕೊಂಡಿದ್ದ ಜಾವಾ ಮತ್ತು ಫ್ಲಾಶ್ ಪ್ಲಗಿನ್ನುಗಳ ಕಥೆ ಬೇಗ ಹೇಳಿ ಮುಗಿಸಬಹುದು. 'ಬ್ಲ್ಯಾಕ್‌ಹೋಲ್' ಎಂಬ ದಾಳಿಯ ಸಲಕರಣೆಯನ್ನು ತಿಂಗಳ ಬಾಡಿಗೆಗೆ ಕೊಡುತ್ತಿದ್ದ ಕಾಲದಲ್ಲಿ ಇವೆರಡೂ ಅದರ ನೆಚ್ಚಿನ ದಾರಿಗಳು. 2013ರ ಜನವರಿಯಲ್ಲಿ ಅಮೆರಿಕದ ಗೃಹಭದ್ರತಾ ಇಲಾಖೆ, ಬ್ರೌಸರಿನಲ್ಲಿ ಜಾವಾ ಆರಿಸಿಡಿ ಎಂದು ಹೇಳಿತು. ಫ್ಲಾಶ್ 2020ರ ಡಿಸೆಂಬರ್ 31ರಂದು ಅಧಿಕೃತವಾಗಿ ಕಣ್ಣುಮುಚ್ಚಿತು. ಬೇಡದ್ದನ್ನು ತೆಗೆದುಹಾಕಿ ಎಂಬ ಸಲಹೆಯ ಬೇರು ಇಲ್ಲಿದೆ. ಇಂದು ಆ ಜಾಗದಲ್ಲಿರುವುದು ಬ್ರೌಸರ್ ಎಕ್ಸ್‌ಟೆನ್ಷನ್ನುಗಳು.

ಬ್ರೌಸರಿನಲ್ಲಿ ವಿಳಾಸದ ಪಕ್ಕದ ಬೀಗದ ಚಿತ್ರದ ಕಥೆ ಇನ್ನೂ ಸ್ವಾರಸ್ಯದ್ದು. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಬಿಡುಗಡೆ ಮಾಡಿದ 'ಫೈರ್‌ಶೀಪ್', ಕಾಫಿ ಅಂಗಡಿಯ ಮುಕ್ತ ವೈಫೈನಲ್ಲಿ ಪಕ್ಕದ ಮೇಜಿನವರ ಫೇಸ್‌ಬುಕ್ ಖಾತೆಗೆ ಎರಡು ಕ್ಲಿಕ್ಕಿನಲ್ಲಿ ನುಗ್ಗಬಹುದೆಂದು ತೋರಿಸಿತು. ಬೀಗದ ಚಿತ್ರ ಸೂಚಿಸುವ, ಗುಪ್ತಲಿಪಿಯಲ್ಲಿ ಸಾಗುವ ಎಚ್‌ಟಿಟಿಪಿಎಸ್‌ಗೆ ಎಲ್ಲರೂ ಬದಲಾಗಲು ಅದೂ ಒಂದು ಕಾರಣವಾಯಿತು. 2015ರ ಡಿಸೆಂಬರಿನಲ್ಲಿ 'ಲೆಟ್ಸ್ ಎನ್‌ಕ್ರಿಪ್ಟ್' ಸಂಸ್ಥೆ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಪುಕ್ಕಟೆ ಕೊಡತೊಡಗಿತು. 2018ರ ಜುಲೈನಿಂದ ಕ್ರೋಮ್, ಎಚ್‌ಟಿಟಿಪಿಎಸ್ ಇಲ್ಲದ ಸೈಟುಗಳಿಗೆಲ್ಲ 'ಸುರಕ್ಷಿತವಲ್ಲ' ಎಂಬ ಹಣೆಪಟ್ಟಿ ಹಚ್ಚಿತು.

ಪುಕ್ಕಟೆ ಸಿಕ್ಕಿದ್ದು ಕಳ್ಳರಿಗೂ ಸಿಕ್ಕಿತು. ನಕಲಿ ಬ್ಯಾಂಕ್ ಸೈಟಿಗೂ ಬೀಗದ ಚಿತ್ರ ಬಂತು. ಬೀಗ ಹೇಳುವುದು ದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಎಂದಷ್ಟೇ, ಆಚೆ ತುದಿಯಲ್ಲಿ ಯಾರು ಕೂತಿದ್ದಾರೆ ಎಂದಲ್ಲ. 2021ರಲ್ಲಿ ಗೂಗಲ್ ನಡೆಸಿದ ಅಧ್ಯಯನದಲ್ಲಿ ಭಾಗವಹಿಸಿದವರ ಪೈಕಿ ಬೀಗದ ನಿಖರ ಅರ್ಥ ಗೊತ್ತಿದ್ದವರು ಶೇ 11 ಮಂದಿ. 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಆ ಚಿತ್ರವನ್ನೇ ತೆಗೆದುಹಾಕಿತು. 'ಬೀಗ ನೋಡಿ ವ್ಯವಹರಿಸಿ' ಎಂದು ಇಂದಿಗೂ ಹೇಳುವವರು ಹಳೆಯ ಪಂಚಾಂಗ ಓದುತ್ತಿದ್ದಾರೆ.

ಬೀಗದ ಜಾಗದಲ್ಲಿ ಈಗ ನೋಡಬೇಕಾದದ್ದು ವಿಳಾಸದ ಬಾಲ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ಬ್ಯಾಂಕುಗಳಿಗಾಗಿಯೇ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ವಿಳಾಸವನ್ನು ಘೋಷಿಸಿ, ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗಲು ಬ್ಯಾಂಕುಗಳಿಗೆ ಸೂಚಿಸಿತು. ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯ ಮೂಲಕ ಬ್ಯಾಂಕುಗಳಿಗೆ ಮಾತ್ರ ಸಿಗುವ ಹೆಸರು ಅದು. ಪಾಸ್‌ವರ್ಡ್ ನೆನಪಿಡುವ ತಂತ್ರಾಂಶವೂ ಇಲ್ಲಿ ಒಳ್ಳೆಯ ಕಾವಲು: ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಅದು ಪಾಸ್‌ವರ್ಡ್ ತುಂಬುವುದಿಲ್ಲ.

ದೋಷ ಹುಡುಕುವ ಬದಲು ಮನುಷ್ಯರನ್ನು ಹುಡುಕಿ

ಬ್ರೌಸರುಗಳು ಗಟ್ಟಿಯಾದಂತೆ ಪುಟ ನೋಡಿದ ಮಾತ್ರಕ್ಕೆ ಸೋಂಕು ತಗುಲುವುದು ಅಪರೂಪವಾಯಿತು. ದಾಳಿಕೋರರಿಗೆ ಉಳಿದ ಸುಲಭದ ದಾರಿ, ಪರದೆಯ ಮುಂದೆ ಕೂತವರಿಂದಲೇ ಬಾಗಿಲು ತೆಗೆಸುವುದು. 'ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಮೈಕ್ರೋಸಾಫ್ಟಿಗೆ ಕರೆ ಮಾಡಿ' ಎಂದು ಕಿರುಚುವ ಪುಟ ಇದರದೇ ಒಂದು ರೂಪ. ಇದರ ಒಂದು ತುದಿ ಭಾರತದಲ್ಲೇ ಇದೆ ಎಂಬುದು ತಲೆತಗ್ಗಿಸುವ ಸಂಗತಿ. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳೂ ಸೇರಿದಂತೆ ಹಲವು ಪ್ರಕರಣಗಳಲ್ಲಿ ಸಿಬಿಐ 2023ರ ಅಕ್ಟೋಬರಿನಲ್ಲಿ 'ಆಪರೇಷನ್ ಚಕ್ರ-2' ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ಈ ಪುಟ ಪರದೆ ತುಂಬಾ ಹರಡಿಕೊಂಡು ಮುಚ್ಚುವ ಗುಂಡಿಯನ್ನು ಮರೆಮಾಡುತ್ತದೆ, ಸೈರನ್ ಕೂಗಿಸುತ್ತದೆ. ಅದು ಬರೀ ಒಂದು ಪುಟ. ಎಸ್ಕೇಪ್ ಕೀಲಿ ಒತ್ತಿ ಹಿಡಿದರೆ ಪರದೆ ಚಿಕ್ಕದಾಗುತ್ತದೆ. ಇಲ್ಲವಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನೇ ಮುಚ್ಚಬಹುದು.

2024ರಿಂದ ಹಬ್ಬಿರುವ 'ಕ್ಲಿಕ್‌ಫಿಕ್ಸ್' ಇನ್ನೂ ನಯವಾದ ಮೋಸ. 'ನೀವು ಮನುಷ್ಯರೆಂದು ಸಾಬೀತುಪಡಿಸಿ' ಎಂಬ ಪರಿಚಿತ ಚೌಕ ಕಾಣಿಸುತ್ತದೆ. ಒತ್ತಿದರೆ ಮೂರು ಹಂತಗಳ ಸೂಚನೆ: ವಿಂಡೋಸ್ ಕೀಲಿ ಮತ್ತು 'ಆರ್' ಒತ್ತಿ, ಕಂಟ್ರೋಲ್ ಮತ್ತು 'ವಿ' ಒತ್ತಿ, ಎಂಟರ್ ಒತ್ತಿ. ಮೊದಲ ಕ್ಲಿಕ್ಕಿನಲ್ಲೇ ಪುಟ ಒಂದು ಆಜ್ಞೆಯನ್ನು ಗುಟ್ಟಾಗಿ ನಕಲು ಮಾಡಿಟ್ಟಿರುತ್ತದೆ. ಉಳಿದ ಹಂತಗಳಲ್ಲಿ ಅದನ್ನು ಅಂಟಿಸಿ ಓಡಿಸುವವರು ಕಂಪ್ಯೂಟರಿನ ಯಜಮಾನರೇ. ಅಸಲಿ ಪರೀಕ್ಷೆ ಯಾವತ್ತೂ ಬ್ರೌಸರಿನ ಹೊರಗೆ ಏನನ್ನೂ ಒತ್ತಿಸುವುದಿಲ್ಲ.

ಸರ್ಕಾರದ ಕಡೆಯಿಂದಲೂ ಕೆಲವು ಬಾಗಿಲುಗಳು ಬಂದಿವೆ. ಬೆಂಗಳೂರಿನಲ್ಲಿ 2001ರಷ್ಟು ಹಿಂದೆಯೇ ಸೈಬರ್ ಅಪರಾಧಗಳಿಗಾಗಿ ಪ್ರತ್ಯೇಕ ಪೊಲೀಸ್ ಠಾಣೆ ಬಂತು. ಕೇಂದ್ರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರ, ಸೋಂಕು ತೆಗೆಯುವ ಸಾಧನಗಳನ್ನು ಪುಕ್ಕಟೆ ಕೊಡುತ್ತದೆ.

ಈ ಮೂರು ದಶಕಗಳಲ್ಲಿ ಮನೆಯವರು ಹೊರಬೇಕಿದ್ದ ಹೊರೆಯ ದೊಡ್ಡ ಪಾಲು ಬ್ರೌಸರ್ ಮತ್ತು ವಿಂಡೋಸ್ ಹೆಗಲಿಗೆ ಹೋಗಿದೆ. ಉಳಿದದ್ದು ಒಂದು ಸಂಜೆಯ ಕೆಲಸ. ವಿಂಡೋಸ್ ಮತ್ತು ಬ್ರೌಸರ್ ಅಪ್‌ಡೇಟ್ ಚಾಲೂ ಇದೆಯೇ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದರಲ್ಲೇ ಇದ್ದರೆ ಮುಂದಿನ ದಾರಿ ಯೋಚಿಸಿ. ಒಂದು ಜಾಹೀರಾತು ತಡೆ ಹಾಕಿ, ಬಳಸದ ಎಕ್ಸ್‌ಟೆನ್ಷನ್ನುಗಳನ್ನು ತೆಗೆಯಿರಿ. ರೌಟರಿನ ಪಾಸ್‌ವರ್ಡ್ ಬದಲಿಸಿ, ಅದರಲ್ಲೇ ಸೋಸುವ ಡಿಎನ್‌ಎಸ್ ಸಂಖ್ಯೆ ಬರೆದಿಡಿ. ಮಕ್ಕಳಿಗೆ ಅಡ್ಮಿನ್ ಅಲ್ಲದ ಬೇರೆ ಖಾತೆ ಮಾಡಿಕೊಡಿ. ಫೋಟೊ, ದಾಖಲೆಗಳ ಇನ್ನೊಂದು ಪ್ರತಿಯನ್ನು ಹೊರಗಿನ ಡ್ರೈವಿನಲ್ಲಿಡಿ. ಅಷ್ಟಾದ ಮೇಲೂ ದುಡ್ಡು ಹೋದರೆ ನಾಚಿಕೊಂಡು ಸುಮ್ಮನಿರಬೇಡಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಕೈಬದಲಾಗುವ ಮೊದಲೇ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.